ಒಂದೊಂದು ವಾಕ್ಯವೂ ಸರಿ, ಒಟ್ಟು ಪ್ರಬಂಧ ಮಾತ್ರ ಆಜ್ಞೆ: ಚೀನೀ ವಿದ್ಯಾರ್ಥಿಗಳ ಕ್ಯಾನ್, ಶುಡ್, ವಿಲ್

‘ವಿ ಶುಡ್ ಪ್ರೊಟೆಕ್ಟ್ ಅವರ್ ರಿವರ್ಸ್.’ ‘ದ ಗವರ್ನ್‌ಮೆಂಟ್ ಮಸ್ಟ್ ಟೇಕ್ ಮೆಶರ್ಸ್.’ ‘ಓನ್ಲಿ ಇನ್ ದಿಸ್ ವೇ ಕ್ಯಾನ್ ವಿ ಹ್ಯಾವ್ ಅ ಬೆಟರ್ ಫ್ಯೂಚರ್.’ ಚೀನಾದ ಕಾಲೇಜು ವಿದ್ಯಾರ್ಥಿಯ ಇಂಗ್ಲಿಷ್ ಪ್ರಬಂಧದಲ್ಲಿ ಇಂಥ ವಾಕ್ಯಗಳು ಸಾಲುಸಾಲಾಗಿ ಸಿಗುತ್ತವೆ. ಒಂದರ ಮೇಲೂ ಕೆಂಪು ಶಾಯಿ ಬೀಳುವಂತಿಲ್ಲ, ವ್ಯಾಕರಣ ಸರಿಯಾಗಿದೆ. ಆದರೂ ಓದಿ ಮುಗಿಸಿದಾಗ ಯಾರೋ ಗದರಿದಂತಾಗುತ್ತದೆ. ತಪ್ಪೇ ಇಲ್ಲದ ಕಡೆ ಈ ಒರಟುತನ ಬಂದದ್ದು ಹೇಗೆ ಎಂಬುದೇ ಭಾಷಾ ಶಿಕ್ಷಕರನ್ನು ದಶಕಗಳ ಕಾಲ ಕಾಡಿದ ಪ್ರಶ್ನೆ.

1977ರಲ್ಲಿ ಚೀನಾದ ವಿಶ್ವವಿದ್ಯಾಲಯ ಪ್ರವೇಶ ಪರೀಕ್ಷೆ ಮತ್ತೆ ಆರಂಭವಾಯಿತು. ಮರುವರ್ಷ ದೇಶ ಹೊರಜಗತ್ತಿಗೆ ಬಾಗಿಲು ತೆರೆಯುತ್ತಿದ್ದಂತೆ ಇಂಗ್ಲಿಷಿಗೆ ಬೇಡಿಕೆ ಏರಿತು. 1987ರಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆಂದೇ ರಾಷ್ಟ್ರಮಟ್ಟದ ಇಂಗ್ಲಿಷ್ ಪರೀಕ್ಷೆ ಸಿಇಟಿ-4 (ಕಾಲೇಜ್ ಇಂಗ್ಲಿಷ್ ಟೆಸ್ಟ್, 4ನೇ ಹಂತ) ಬಂತು. ಅದರ ಪ್ರಬಂಧಕ್ಕೆ ಸಿಗುವುದು ಅರ್ಧ ಗಂಟೆ. ಬಹಳ ಕಾಲ ಪ್ರಶ್ನೆಯ ಜೊತೆಗೇ ಮೂರು ಅಂಶಗಳ ಚೌಕಟ್ಟನ್ನು ಕೊಡುವ ರೂಢಿಯಿತ್ತು: ಹೀಗೊಂದು ವಿದ್ಯಮಾನವಿದೆ, ಅದಕ್ಕೆ ಇಂಥ ಕಾರಣಗಳಿವೆ, ನಿನ್ನ ಅಭಿಪ್ರಾಯವೇನು. ಮೂರನೆಯದಕ್ಕೆ ಬಂದವನ ಕೈ ತಾನಾಗಿ ‘ವಿ ಶುಡ್’ ಎಂದು ಬರೆಯುತ್ತದೆ. ‘ಓನ್ಲಿ ಇನ್ ದಿಸ್ ವೇ ಕ್ಯಾನ್ ವಿ’ ಎಂಬ ತಿರುವುಮುರುವು ರಚನೆಯನ್ನು ವಿದ್ಯಾರ್ಥಿಗಳು ಬಾಯಿಪಾಠ ಮಾಡುವುದೂ ಅಂಕದ ಆಸೆಗೇ. ಹಾಗಾಗಿ ಪ್ರಬಂಧದ ‘ಕ್ಯಾನ್’ ಎಣಿಕೆಯಲ್ಲಿ ಒಂದು ಪಾಲು ಈ ಕಂಠಪಾಠದ್ದು.

ತಪ್ಪು ಹುಡುಕುವ ಹಳೆಯ ಅಧ್ಯಯನ ವಿಧಾನಕ್ಕೆ ಇದು ಕಾಣಿಸುವಂತೆಯೇ ಇರಲಿಲ್ಲ. ಕಂಡದ್ದು ಕ್ಯಾನ್, ಶುಡ್ ಮುಂತಾದ ಸಹಾಯಕ ಪದಗಳನ್ನು ಎಣಿಸತೊಡಗಿದ ಮೇಲೆ. 1990ರಲ್ಲಿ ಬೆಲ್ಜಿಯಂನ ಲೂವಾನ್-ಲಾ-ನವ್‌ನಲ್ಲಿ ಭಾಷಾವಿಜ್ಞಾನಿ ಸಿಲ್ವಿಯಾನ್ ಗ್ರ್ಯಾಂಜರ್ ಹಲವು ಮಾತೃಭಾಷೆಗಳ ವಿದ್ಯಾರ್ಥಿಗಳ ಇಂಗ್ಲಿಷ್ ಪ್ರಬಂಧಗಳನ್ನು ಒಟ್ಟುಗೂಡಿಸಲು ಆರಂಭಿಸಿದರು. 1997ರಲ್ಲಿ ಭಾಷಾ ಸಂಶೋಧಕರಾದ ಕೆನ್ ಹೈಲ್ಯಾಂಡ್ ಮತ್ತು ಜಾನ್ ಮಿಲ್ಟನ್ ಹಾಂಗ್‌ಕಾಂಗ್ ವಿದ್ಯಾರ್ಥಿಗಳ ಪರೀಕ್ಷಾ ಬರಹವನ್ನು ಬ್ರಿಟನ್ನಿನ ವಿದ್ಯಾರ್ಥಿಗಳ ಬರಹದ ಪಕ್ಕದಲ್ಲಿಟ್ಟು ನೋಡಿದರು. ಖಚಿತತೆಯ ಮಟ್ಟವನ್ನು ತಿಳಿಸಲು ಹಾಂಗ್‌ಕಾಂಗ್‌ನವರು ಕೆಲವೇ ಪದಗಳನ್ನು ನೆಚ್ಚಿಕೊಂಡಿದ್ದರು, ಅವರ ಮಾತಿನ ಪಟ್ಟೂ ಹೆಚ್ಚು ಬಿಗಿಯಾಗಿತ್ತು. ಮುಂದೆ ಚೀನಾದಲ್ಲೇ ಗುಯ್ ಶಿಚುನ್ ಮತ್ತು ಯಾಂಗ್ ಹುಯ್‌ಝೋಂಗ್ ಹೈಸ್ಕೂಲಿನಿಂದ ಇಂಗ್ಲಿಷ್ ಮುಖ್ಯ ವಿಷಯವಾಗಿರುವ ಪದವಿ‌ವರೆಗಿನ ವಿದ್ಯಾರ್ಥಿಗಳ ಸುಮಾರು 10 ಲಕ್ಷ ಪದಗಳ ಬರಹ ಸಂಗ್ರಹವನ್ನು 2003ರಲ್ಲಿ ಹೊರತಂದರು. 2005ರಲ್ಲಿ ವೆನ್ ಚಿಯುಫಾಂಗ್ ತಂಡದ ಸಂಗ್ರಹ ಬಂತು, ಅದರಲ್ಲಿ ಬರಹದ ಜೊತೆ ಮಾತೂ ಸೇರಿತ್ತು. ಇಂಥ ಸಂಗ್ರಹಗಳನ್ನು ಜಾಲಾಡಿದ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡದ್ದು ಒಂದೇ ಚಿತ್ರ: ಇಂಗ್ಲಿಷ್ ಮಾತೃಭಾಷೆಯವರಿಗೆ ಹೋಲಿಸಿದರೆ ಕ್ಯಾನ್, ಶುಡ್, ಮಸ್ಟ್, ವಿಲ್ ಹೆಚ್ಚು, ವುಡ್, ಕುಡ್, ಮೈಟ್ ಕಡಿಮೆ.

‘ಚೀನಿಯರ ಸ್ವಭಾವವೇ ನೇರ’ ಎಂದು ಇದನ್ನು ತಳ್ಳಿಹಾಕುವವರಿದ್ದಾರೆ. ಅದು ಅನ್ಯಾಯದ ಮಾತು, ಏಕೆಂದರೆ ಚೀನಾದ ಅಧಿಕೃತ ಭಾಷೆಯಾದ ಮ್ಯಾಂಡರಿನ್‌ನ ಒಳಗೇ ಉತ್ತರವಿದೆ. ಅಲ್ಲಿ ‘ಹುಯ್’ ಎಂಬ ಒಂದೇ ಪದ ಮೂರು ಕೆಲಸ ಮಾಡುತ್ತದೆ. ಈಜು ಕಲಿತಿದ್ದಾನೆ ಎನ್ನಲು ‘ಹುಯ್’ (ನಮ್ಮ ‘ಈಜಬಲ್ಲ’), ನಾಳೆ ಮಳೆ ಬರುತ್ತದೆ ಎನ್ನಲೂ ‘ಹುಯ್’, ದಿನಾ ಬೆಳಿಗ್ಗೆ ಕಾಫಿ ಕುಡಿಯುತ್ತೇನೆ ಎನ್ನಲೂ ‘ಹುಯ್’. ‘ಎವೆರಿ ಮಾರ್ನಿಂಗ್ ಐ ವಿಲ್ ಡ್ರಿಂಕ್ ಕಾಫಿ’ ಹುಟ್ಟುವುದು ಈ ಮೂರನೆಯದರಿಂದ. ‘ಯಾವ್’ ಕೂಡ ಹಾಗೇ. ‘ನೀರು ಜಾಸ್ತಿ ಕುಡಿ’ ಎಂಬ ಅಕ್ಕರೆಯ ಮಾತಿನಲ್ಲಿ ಅದು ಮೃದುವಾಗಿಯೇ ಇರುತ್ತದೆ, ಇಂಗ್ಲಿಷಿಗೆ ಬಂದಾಗ ‘ಯು ಮಸ್ಟ್’ ಆಗಿ ಗಡಸಾಗುತ್ತದೆ. ಸಾಧ್ಯತೆ ಹೇಳಲು ಮ್ಯಾಂಡರಿನ್‌ನಲ್ಲಿ ‘ಕೆನೆಂಗ್’ ಇದೆ, ಆದರೆ ಅದು ಇಂಗ್ಲಿಷಿನಲ್ಲಿ ಮೈಟ್ ಆಗುವ ಬದಲು ‘ಮೇಬಿ’ ಆಗಿ ವಾಕ್ಯದ ತಲೆಯ ಮೇಲೆ ಕೂರುತ್ತದೆ.

ಕಾಲದ ವಿಷಯದಲ್ಲಿ ಕನ್ನಡದವರಿಗಿರುವ ಅನುಕೂಲ ಅವರಿಗಿಲ್ಲ. ನಾವು ‘ಬರಬಹುದು’ ಎನ್ನುವುದನ್ನು ‘ಬರಬಹುದಿತ್ತು’ ಎಂದು ತಿರುಗಿಸಬಲ್ಲೆವು. ಮ್ಯಾಂಡರಿನ್ ಕ್ರಿಯಾಪದ ಕಾಲಕ್ಕೆ ತಕ್ಕಂತೆ ರೂಪ ಬದಲಿಸುವುದಿಲ್ಲ. ಕ್ಯಾನ್‌ನ ಭೂತಕಾಲ ಕುಡ್, ವಿಲ್‌ನ ಭೂತಕಾಲ ವುಡ್ ಎಂದು ಕಲಿತವನಿಗೆ ಇವತ್ತಿನ ಮಾತಿನಲ್ಲಿ ಅವುಗಳ ಕೆಲಸವೇನೆಂದು ಹೊಳೆಯುವುದಿಲ್ಲ. ವಿನಯದ ‘ಕುಡ್ ಯು’, ಊಹೆಯ ‘ಇಟ್ ವುಡ್ ಬಿ’ ಹೀಗೆ ಕೈತಪ್ಪುತ್ತವೆ.

ಮಾತಿನಲ್ಲಿ ಇನ್ನೊಂದು ತೊಡಕಿದೆ. ಮ್ಯಾಂಡರಿನ್ ಉಚ್ಚಾರಾಂಶದ ಕೊನೆಯಲ್ಲಿ ಟ್, ಡ್‌ನಂಥ ವ್ಯಂಜನಗಳು ನಿಲ್ಲುವುದಿಲ್ಲ. ‘ಐಡ್ ಲೈಕ್’ ಎನ್ನಲು ಹೋದರೆ ‘ಐ ಲೈಕ್’ ಕೇಳಿಸುತ್ತದೆ. ಅಮೆರಿಕನ್ ಉಚ್ಚಾರದ ‘ಕ್ಯಾಂಟ್’‌ನ ಟ್ ಬಿದ್ದುಹೋದರೆ ‘ಆಗುತ್ತದೆ’ ಮತ್ತು ‘ಆಗುವುದಿಲ್ಲ’ ಒಂದೇ ಆಗಿಬಿಡುತ್ತವೆ, ಬೆಲೆ ಮಾತಾಡುವಾಗಲೋ ದಿನಾಂಕ ಗೊತ್ತುಮಾಡುವಾಗಲೋ ಇದು ನಿಜವಾದ ತೊಂದರೆ. ಪೂರ್ತಿಯಾಗಿ ‘ಕ್ಯಾನಾಟ್’ ಎಂದರೆ ಬಚಾವು.

ಎಣಿಸುವವರೂ ಎಡವುತ್ತಾರೆ. ಮೇ ತಿಂಗಳು, ಉಯಿಲು ಎಂಬರ್ಥದ ವಿಲ್, ಡಬ್ಬಿ ಎಂಬರ್ಥದ ಕ್ಯಾನ್ ಇವನ್ನೆಲ್ಲ ಮೊದಲು ಕಳೆಯಬೇಕು. ‘ಡ್’ ಎಂದು ಮೊಟಕಾದದ್ದು ವುಡ್‌ನದೋ ಹ್ಯಾಡ್‌ನದೋ ಎಂದು ಒಂದೊಂದಾಗಿ ನೋಡಬೇಕು. ಚೀನೀ ವಿದ್ಯಾರ್ಥಿಗಳ ಮತ್ತು ಇಂಗ್ಲಿಷ್ ಮಾತೃಭಾಷೆಯವರ ಎರಡೂ ಸಂಗ್ರಹಗಳ ಲೆಕ್ಕವನ್ನು 10,000 ಪದಗಳಿಗೆ ಇಷ್ಟು ಎಂಬ ಅಳತೆಗೆ ತರಬೇಕು. ಎಲ್ಲಕ್ಕಿಂತ ಮುಖ್ಯ, ಪ್ರಬಂಧದ ವಿಷಯವನ್ನು ಗಮನಿಸಬೇಕು. ಪ್ರಶ್ನೆಯೇ ‘ಏನು ಮಾಡಬೇಕು’ ಎಂದು ಕೇಳಿದ್ದರೆ ಶುಡ್ ಹೆಚ್ಚಾಗದೆ ಇನ್ನೇನಾದೀತು? ಲಂಡನ್ನಿನ ಹುಡುಗಿಗೆ ಅದೇ ಪ್ರಶ್ನೆ ಕೊಟ್ಟರೂ ಶುಡ್ ಏರುತ್ತದೆ. ‘ಮಾತು’ ಎಂದು ಕರೆಯುವ ಚೀನೀ ಸಂಗ್ರಹಗಳ ದೊಡ್ಡ ಭಾಗವೂ ಮೌಖಿಕ ಪರೀಕ್ಷೆಯ ಧ್ವನಿಮುದ್ರಣಗಳಿಂದ ಬಂದದ್ದು. ಗೆಳೆಯರ ಹರಟೆಯಲ್ಲಿ ಅವರು ಹೀಗೇ ಮಾತಾಡುತ್ತಾರೆಂದು ಅದರಿಂದ ತೀರ್ಮಾನಿಸಲಾಗದು.

ತರಗತಿಯಲ್ಲಿ ಫಲ ಕೊಡುವ ಕ್ರಮ ಸರಳ. ಬರೆದವರೇ ತಮ್ಮ ಪ್ರಬಂಧದ ಶುಡ್, ಮಸ್ಟ್, ವಿಲ್‌ಗಳಿಗೆ ಗೆರೆ ಎಳೆದು, ‘ಇದು ನನಗೆ ಖಂಡಿತ ಗೊತ್ತೇ, ಬರೀ ಊಹೆಯೇ?’ ಎಂದು ಪ್ರತಿಯೊಂದರ ಮುಂದೆ ಗುರುತು ಹಾಕಬೇಕು. ಊಹೆಯಾದ ಕಡೆ ಮೇ, ಮೈಟ್, ಕುಡ್ ಇಟ್ಟು ಇಡೀ ಪ್ಯಾರಾವನ್ನು ಗಟ್ಟಿಯಾಗಿ ಓದಬೇಕು. ಕುಡ್, ವುಡ್‌ಗಳನ್ನು ಭೂತಕಾಲದ ಪಾಠಕ್ಕೂ ಮೊದಲೇ, ಅಂಗಡಿಯಲ್ಲಿ ಕೇಳುವ, ಗುರುಗಳಲ್ಲಿ ವಿನಂತಿಸುವ ಮಾತುಗಳಾಗಿ ಕಲಿಸಿದರೆ ಆಮೇಲೆ ಬಿಡಿಸಬೇಕಾದ ಗಂಟು ಅಷ್ಟು ಕಡಿಮೆ.