ಪದ ಪರಿಚಯ: ಟ್ಯಾಕ್ಟಿಕಲ್ ಅರ್ಬನಿಸಂ

2005ರ ನವೆಂಬರ್ 16ರಂದು ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ರೀಬಾರ್ ಎಂಬ ತಂಡದವರು ಪಾರ್ಕಿಂಗ್ ಮೀಟರಿಗೆ ಚಿಲ್ಲರೆ ಹಾಕಿದರು. ಆದರೆ ಕಾರು ನಿಲ್ಲಿಸಲಿಲ್ಲ. ಆ ಜಾಗದಲ್ಲಿ ಹುಲ್ಲು ಹಾಸಿದರು, ಒಂದು ಬೆಂಚು ಇಟ್ಟರು, ಕುಂಡದಲ್ಲಿದ್ದ ಒಂದು ಮರ ತಂದು ನಿಲ್ಲಿಸಿದರು. ದಾರಿಯಲ್ಲಿ ಹೋಗುವವರು ಬಂದು ಕೂತರು. ಎರಡು ಗಂಟೆ ಮುಗಿದ ಮೇಲೆ ಎಲ್ಲವನ್ನೂ ಎತ್ತಿಕೊಂಡು ಹೊರಟರು. ಒಂದು ಕಾರು ಹಿಡಿಯುವಷ್ಟು ಜಾಗ ಜನರಿಗೆ ಸಿಕ್ಕರೆ ಏನೆಲ್ಲ ಆಗಬಹುದು ಅನ್ನುವುದು ಅಷ್ಟರಲ್ಲೇ ಕಣ್ಣಿಗೆ ಕಂಡಿತ್ತು. ಮುಂದೆ ಇದು ಪಾರ್ಕಿಂಗ್ ಡೇ ಎಂಬ ಹೆಸರಿನಲ್ಲಿ ಬೇರೆ ಬೇರೆ ದೇಶಗಳಿಗೆ ಹಬ್ಬಿತು. 2010ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಆಡಳಿತವೇ ಪಾರ್ಕಿಂಗ್ ಜಾಗಗಳಲ್ಲಿ ಇಂಥ ಪುಟ್ಟ ಕೂರುವ ತಾಣಗಳನ್ನು ಮಾಡಲು ಅವಕಾಶ ಕೊಟ್ಟಿತು.

ಟ್ಯಾಕ್ಟಿಕಲ್ ಅರ್ಬನಿಸಂ ಅಂದರೆ ಇದೇ. ಕಡಿಮೆ ಖರ್ಚಿನಲ್ಲಿ, ಬೇಗ ಮಾಡಬಹುದಾದ, ಬೇಡವಾದರೆ ತೆಗೆದುಬಿಡಬಹುದಾದ ಒಂದು ಸಣ್ಣ ಬದಲಾವಣೆಯನ್ನು ಸಾರ್ವಜನಿಕ ಜಾಗದಲ್ಲಿ ಮಾಡಿ ನೋಡುವುದು. ಗುರಿ ಮಾತ್ರ ಶಾಶ್ವತ ಬದಲಾವಣೆ. ಟೈಲರ್ ಕಚ್ಚಾ ಹೊಲಿಗೆ ಹಾಕಿ ಅಳತೆ ಸರಿ ಇದೆಯಾ ಅಂತ ನೋಡುತ್ತಾನಲ್ಲ, ಹಾಗೆ. 2010ರ ಆಸುಪಾಸಿನಲ್ಲಿ ಅಮೆರಿಕದ ನಗರ ಯೋಜಕ ಮೈಕ್ ಲೈಡನ್ ಮತ್ತು ಅವರ ಜೊತೆಗಾರರು ಈ ಹೆಸರನ್ನು ಬಳಕೆಗೆ ತಂದರು.

ಇದಕ್ಕೆ ದೊಡ್ಡ ಉದಾಹರಣೆ ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್. 2009ರ ಮೇ ತಿಂಗಳಲ್ಲಿ ಅಲ್ಲಿನ ಸಾರಿಗೆ ಇಲಾಖೆ, ಜಾನೆಟ್ ಸಾದಿಕ್-ಖಾನ್ ಅವರ ನೇತೃತ್ವದಲ್ಲಿ, ಬ್ರಾಡ್‌ವೇ ರಸ್ತೆಯ ಒಂದು ಭಾಗಕ್ಕೆ ಬ್ಯಾರೆಲ್ ಅಡ್ಡ ಇಟ್ಟು ವಾಹನ ಸಂಚಾರ ನಿಲ್ಲಿಸಿತು. ಕೂರಲು ಇಟ್ಟ ಕುರ್ಚಿಗಳು ಬ್ರೂಕ್ಲಿನ್‌ನ ಹಾರ್ಡ್‌ವೇರ್ ಅಂಗಡಿಯಿಂದ ತಂದ ಅಗ್ಗದ ಮಡಚು ಕುರ್ಚಿಗಳು. ಒಳ್ಳೆ ಕುರ್ಚಿ ಬರುವವರೆಗೆ ಕಾಯುತ್ತ ಕೂರಲಿಲ್ಲ. ನನಗೆ ಈ ಇಡೀ ಕತೆಯಲ್ಲಿ ತುಂಬ ಇಷ್ಟವಾಗುವ ವಿಷಯ ಅದು. ಆಮೇಲೆ ಇಲಾಖೆ ಲೆಕ್ಕ ಹಾಕಿತು. ಪಾದಚಾರಿಗಳಿಗೆ ಆಗುವ ಗಾಯಗಳು 35%, ವಾಹನದಲ್ಲಿ ಹೋಗುವವರಿಗೆ ಆಗುವ ಗಾಯಗಳು 63% ಇಳಿದಿದ್ದವು. 2010ರಲ್ಲಿ ಮೇಯರ್ ಬ್ಲೂಮ್‌ಬರ್ಗ್ ಇದನ್ನು ಶಾಶ್ವತ ಮಾಡಿದರು. ಕಲ್ಲು, ಕಾಂಕ್ರೀಟಿನ ಕೆಲಸ ಎಲ್ಲ ನಡೆದದ್ದು ಅದರ ನಂತರವೇ.

ಇನ್ನೂ ಸಣ್ಣ ಮಟ್ಟದಲ್ಲಿ ನೋಡೋಣ. ಒಂದು ಶಾಲೆಯ ಪಕ್ಕದ ತಿರುವು ಅಂದುಕೊಳ್ಳಿ. ತಿರುವು ಅಗಲವಾಗಿದ್ದರೆ ಗಾಡಿಗಳು ಬ್ರೇಕ್ ಹಾಕದೆ ಹಾಗೇ ನುಗ್ಗುತ್ತವೆ. ಅಲ್ಲಿ ಸುಣ್ಣದ ಪುಡಿಯಲ್ಲಿ ಗೆರೆ ಎಳೆದು, ಗೆರೆಯುದ್ದಕ್ಕೂ ಟ್ರಾಫಿಕ್ ಕೋನ್ ಇಟ್ಟು ಮೂಲೆಯನ್ನು ಒಂದೆರಡು ಮೀಟರ್ ಮುಂದಕ್ಕೆ ತನ್ನಿ. ಈಗ ತಿರುವು ಬಿಗಿಯಾಯಿತು, ಗಾಡಿ ನಿಧಾನ ಮಾಡಲೇಬೇಕು. ಮಕ್ಕಳು ದಾಟಬೇಕಾದ ದೂರವೂ ಅಷ್ಟು ಕಡಿಮೆ ಆಯಿತು. ಬಸ್ ತಿರುಗಲು ಕಷ್ಟವಾದರೆ ಕೋನನ್ನು ಅರ್ಧ ಅಡಿ ಹಿಂದಕ್ಕೆ ಸರಿಸಿದರಾಯಿತು. ಕಾಂಕ್ರೀಟ್ ಸುರಿದ ಮೇಲೆ ಈ ತಪ್ಪು ಗೊತ್ತಾದರೆ? ಒಡೆಯಬೇಕು, ಮತ್ತೆ ಟೆಂಡರ್ ಕರೆಯಬೇಕು.

ಬೆಂಗಳೂರಿನವರಿಗೆ ಈ ಮಾತು ಬಂದ ಕೂಡಲೇ ನೆನಪಾಗುವುದು ಕಲಾವಿದ ಬಾದಲ್ ನಂಜುಂಡಸ್ವಾಮಿ ಅವರ ಮೊಸಳೆ, ಅಲ್ವಾ? 2015ರಲ್ಲಿ ಸುಲ್ತಾನ್‌ಪಾಳ್ಯದ ರಸ್ತೆಯ ನೀರು ತುಂಬಿದ ಗುಂಡಿಯನ್ನು ಅವರು ಕೆರೆ ಮಾಡಿ, ಅದರಲ್ಲಿ ದೊಡ್ಡದೊಂದು ಕೃತಕ ಮೊಸಳೆಯನ್ನು ಬಿಟ್ಟರು. 2019ರಲ್ಲಿ ಚಂದ್ರಯಾನ-2ರ ಲ್ಯಾಂಡರ್ ಇಳಿಯುವ ದಿನ ಹತ್ತಿರವಾಗಿದ್ದಾಗ ನಟ ಪೂರ್ಣಚಂದ್ರ ಮೈಸೂರು ಅವರಿಗೆ ಗಗನಯಾತ್ರಿಯ ವೇಷ ಹಾಕಿಸಿ, ಗುಂಡಿಬಿದ್ದ ರಸ್ತೆಯ ಮೇಲೆ ನಡೆಸಿ ವಿಡಿಯೊ ಮಾಡಿದರು. ಚಂದ್ರನ ಮೇಲೇ ನಡೆಯುತ್ತಿದ್ದಾರೆ ಅಂದುಕೊಳ್ಳುವಷ್ಟರಲ್ಲಿ ಪಕ್ಕದಲ್ಲೇ ಒಂದು ಆಟೊ ಹೋಗುತ್ತದೆ. ಎರಡೂ ಸಲ ರಿಪೇರಿ ಕೆಲಸ ಬೇಗ ನಡೆಯಿತು.

ನನಗೆ ಈ ಕಲೆಯ ಬಗ್ಗೆ ತುಂಬ ಗೌರವ ಇದೆ. ಆದರೂ ಇದನ್ನು ಟ್ಯಾಕ್ಟಿಕಲ್ ಅರ್ಬನಿಸಂ ಜೊತೆ ಕಲಸಬಾರದು. ಮೊಸಳೆ ಇರುವ ತಪ್ಪನ್ನು ಎತ್ತಿ ತೋರಿಸುತ್ತದೆ. ಕೋನ್‌ಗಳು ಪರಿಹಾರವನ್ನೇ ಪರೀಕ್ಷೆಗೆ ಇಡುತ್ತವೆ. ಫ್ಲೈಓವರ್ ಕಂಬಕ್ಕೆ ಚಿತ್ರ ಬರೆಯುವುದು ಈ ಎರಡೂ ಅಲ್ಲ. ಕಂಬ ಚೆಂದ ಕಾಣುತ್ತದೆ, ಒಳ್ಳೆಯದೇ. ಆದರೆ ಅದರ ಕೆಳಗೆ ರಸ್ತೆ ದಾಟುವವರ ಪಾಡು ಹಾಗೇ ಇರುತ್ತದೆ.

ದಿ ಅಗ್ಲಿ ಇಂಡಿಯನ್ ಎಂಬ, ಹೆಸರು ಹೇಳಿಕೊಳ್ಳದ ಬೆಂಗಳೂರಿನ ತಂಡ 2010ರಿಂದ ಮಾಡುತ್ತ ಬಂದ ಸ್ಪಾಟ್ ಫಿಕ್ಸಿಂಗ್, ಅಂದರೆ ಗಲೀಜಾದ ಒಂದೊಂದೇ ಜಾಗವನ್ನು ಸರಿಮಾಡುವ ಕೆಲಸ, ಈ ಪದಕ್ಕೆ ಹೆಚ್ಚು ಹತ್ತಿರ. ಕಸ ಗುಡಿಸಿ ಹೋಗುವುದಷ್ಟೇ ಅಲ್ಲ. ಜನ ಅಲ್ಲೇ ಯಾಕೆ ಕಸ ಎಸೆಯುತ್ತಾರೆ ಅಂತ ನೋಡುವುದು, ಫುಟ್‌ಪಾತ್ ಸರಿಮಾಡುವುದು, ಕುಂಡ ಇಡುವುದು, ಗೋಡೆಯ ಕೆಳಭಾಗಕ್ಕೆ ಇಟ್ಟಿಗೆ ಕೆಂಪು ಬಣ್ಣ ಬಳಿಯುವುದು. ಪಾನ್ ಕಲೆ ಆ ಬಣ್ಣದಲ್ಲಿ ಎದ್ದು ಕಾಣುವುದಿಲ್ಲ. ಗೋಡೆ ಗಲೀಜಾಗಿ ಕಾಣದಿದ್ದರೆ ಉಗಿಯುವವರೂ ಕಡಿಮೆ.

ಬೆಂಗಳೂರಿನದೇ ಚರ್ಚ್ ಸ್ಟ್ರೀಟ್ ಕತೆ ನೋಡಿದರೆ ಮಾತ್ರ ಬೇಜಾರಾಗುತ್ತದೆ. ಕಲ್ಲು ಹಾಸಿ ಹೊಸದಾಗಿಸಿದ ಈ ರಸ್ತೆಯಲ್ಲಿ 2020ರ ನವೆಂಬರ್‌ನಿಂದ ಕೆಲವು ತಿಂಗಳು ವಾರಾಂತ್ಯದಲ್ಲಿ ವಾಹನ ಸಂಚಾರ ನಿಲ್ಲಿಸಿದ್ದರು. ರಾಜ್ಯದ ನಗರ ಭೂಸಾರಿಗೆ ನಿರ್ದೇಶನಾಲಯದ ಪ್ರಯೋಗ ಇದು. ಗಾಳಿ ಎಷ್ಟು ಶುದ್ಧವಾಯಿತು ಅನ್ನುವುದನ್ನೂ ಅಳೆದರು. ಜನ ರಸ್ತೆ ನಡುವೆಯೇ ಆರಾಮಾಗಿ ಓಡಾಡಿದರು. 2021ರಲ್ಲಿ ಪ್ರಯೋಗ ಮುಗಿಯಿತು, ಕಾರುಗಳು ವಾಪಸ್ ಬಂದವು. ನ್ಯೂಯಾರ್ಕಿನಲ್ಲಿ ಆದ ಕೊನೆಯ ಹೆಜ್ಜೆ ಇಲ್ಲಿ ಆಗಲಿಲ್ಲ. ಹಾಗಾಗಿ ಪ್ರಯೋಗ ಶುರುವಾಗುವ ಮೊದಲೇ ಎರಡು ಪ್ರಶ್ನೆಗಳಿಗೆ ಉತ್ತರ ಬರೆದಿಡಬೇಕು ಅಂತ ನನ್ನ ಅನಿಸಿಕೆ. ಯಾವ ಅಂಕಿ ಬಂದರೆ ಇದು ಶಾಶ್ವತವಾಗುತ್ತದೆ? ಅದನ್ನು ನಿರ್ಧರಿಸುವವರು ಯಾರು?

ಮೂರನೆಯ ಪ್ರಶ್ನೆಯೂ ಒಂದಿದೆ. ಇದರಿಂದ ಜಾಗ ಕಳೆದುಕೊಳ್ಳುವವರು ಯಾರು? ರಸ್ತೆ ಚೆಂದವಾದಾಗ ಮೊದಲು ಜಾಗ ಕಳೆದುಕೊಳ್ಳುವವರು ತಳ್ಳುಗಾಡಿಯವರು, ಹೂವಿನವರು, ಚಪ್ಪಲಿ ಹೊಲಿಯುವವರು. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ರಚನೆಯಾಗುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ 40% ಸದಸ್ಯರು ಬೀದಿ ವ್ಯಾಪಾರಿಗಳೇ ಇರಬೇಕು. ಎಲ್ಲಿ ಕೋನ್ ಇಡಬೇಕು, ಎಲ್ಲಿ ಬೆಂಚು ಹಾಕಬೇಕು ಅನ್ನುವ ನಕ್ಷೆ ಮೊದಲು ಆ ಸಮಿತಿಯ ಮುಂದೆ ಬರಲಿ.