30 ಲಕ್ಷ ಪ್ರೊಸೆಸರಿನ ಯಂತ್ರವೂ ಏಳು ರಸವಿಘ್ನಗಳೂ

ಕಾವ್ಯಮೀಮಾಂಸೆಯ ಪರೀಕ್ಷೆಗೆ ಓದುವ ನಮಗೆಲ್ಲ ರಸವಿಘ್ನ (ಕೃತಿಯ ರಸವನ್ನು ಸವಿಯಲು ಬಿಡದ ಅಡ್ಡಿ) ಎಂದರೆ ಬಾಯಿಪಾಠ ಮಾಡಬೇಕಾದ ಏಳು ಹೆಸರು. ಬದಿಯಡ್ಕದಲ್ಲಿ ಭಾನುವಾರ ನಾಲ್ಕೈದು ಮಂದಿ ಸೇರಿ ಓದುವಾಗ ಒಮ್ಮೆ ಮಾತು ಡ್ಯಾನ್ ಬ್ರೌನ್‌ನ ‘ಡಿಜಿಟಲ್ ಫೋರ್ಟ್ರೆಸ್’ (1998) ಕಾದಂಬರಿಯತ್ತ ಹೊರಳಿತು. ಒಬ್ಬಳು ಅದನ್ನು ಒಂದೇ ರಾತ್ರಿಯಲ್ಲಿ ಮುಗಿಸಿದ್ದಳು. ಕಂಪ್ಯೂಟರ್ ಕಲಿತ ಗೆಳೆಯ ಅರ್ಧಕ್ಕೇ ಮಡಚಿಟ್ಟಿದ್ದ. “ಲೆಕ್ಕವೇ ಕೂಡಿ ಬರುವುದಿಲ್ಲ ಮಾರಾಯ, ಮತ್ತೆ ಎಂತ ಓದುವುದು?” ಎಂದ. ಆ ಜಗಳದಲ್ಲೇ ನನಗೆ ಈ ವಿಘ್ನಗಳನ್ನು ವಿವರಿಸಿದ ಕಾಶ್ಮೀರದ ಮೀಮಾಂಸಕ ಅಭಿನವಗುಪ್ತ ಅರ್ಥವಾದದ್ದು.

ಮೊದಲು ಲೆಕ್ಕ. ಕಾದಂಬರಿಯಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಎನ್‌ಎಸ್‌ಎ ಬಳಿ 30 ಲಕ್ಷ ಪ್ರೊಸೆಸರಿನ ಗುಟ್ಟಿನ ಯಂತ್ರವಿದೆ. ಒಂದೊಂದೇ ಕೀಲಿ ಹಾಕಿ ನೋಡಿ ಯಾವ ಗೂಢಲಿಪಿಯನ್ನೂ ಅದು ಒಡೆಯುತ್ತದೆ. ಅದೇ 1998ರ ಜುಲೈಯಲ್ಲಿ ಇಎಫ್‌ಎಫ್ ಎಂಬ ಡಿಜಿಟಲ್ ಹಕ್ಕುಗಳ ಸಂಸ್ಥೆ ನಿಜವಾದ ಒಂದು ಯಂತ್ರ ಕಟ್ಟಿ 56 ಬಿಟ್‌ನ ಡಿಇಎಸ್ ಎಂಬ ಗೂಢಲಿಪಿಯ ಕೀಲಿಯನ್ನು ಸುಮಾರು 56 ಗಂಟೆಗಳಲ್ಲಿ ಹುಡುಕಿತ್ತು. ಕೀಲಿಗೆ ಒಂದು ಬಿಟ್ ಸೇರಿದರೆ ಹುಡುಕುವ ಕೆಲಸ ಇಮ್ಮಡಿ. 30 ಲಕ್ಷ ಪ್ರೊಸೆಸರುಗಳಲ್ಲಿ ಪ್ರತಿಯೊಂದೂ ಆ ಇಡೀ ಯಂತ್ರದಷ್ಟೇ ಚುರುಕು ಎಂದುಕೊಂಡರೂ, ಅಷ್ಟೇ ಹೊತ್ತಿನಲ್ಲಿ ಸಿಗುವುದು ಹೆಚ್ಚೆಂದರೆ 21 ಬಿಟ್‌ಗಳ ಮುನ್ನಡೆ, ಅಂದರೆ 77 ಬಿಟ್. ಆಗಲೇ ಬಳಕೆಯಲ್ಲಿದ್ದ 128 ಬಿಟ್‌ನ ಕೀಲಿ ಅದರ ಕೈಗೆ ಎಟುಕದು. ಗೆಳೆಯನ ಸಿಟ್ಟು ಸುಮ್ಮನೆ ಬಂದದ್ದಲ್ಲ.

ಈ ಸಿಟ್ಟಿಗೆ ನಾಟ್ಯಶಾಸ್ತ್ರಕ್ಕೆ ಅಭಿನವಗುಪ್ತ ಬರೆದ ವ್ಯಾಖ್ಯಾನ ‘ಅಭಿನವಭಾರತಿ’ಯಲ್ಲಿ ಹೆಸರಿದೆ: ಸಂಭಾವನಾವಿರಹ. ಏಳರಲ್ಲಿ ಮೊದಲನೆಯದು. ‘ಹೀಗಾಗಲು ಸಾಧ್ಯವೇ ಇಲ್ಲ’ ಎನಿಸಿದ ವಸ್ತುವಿನಲ್ಲಿ ಮನಸ್ಸು ನಿಲ್ಲುವುದಿಲ್ಲ; ನಿಲ್ಲದಲ್ಲಿ ರಸವೆಲ್ಲಿ? ಮದ್ದೂ ಅಲ್ಲೇ ಇದೆ. ಲೋಕದಲ್ಲಿ ಕಾಣದ ಸಾಹಸ ಹೇಳುವುದಿದ್ದರೆ ರಾಮನಂಥ ಪ್ರಖ್ಯಾತ ನಾಯಕನನ್ನು ಹಿಡಿಯಬೇಕು, ಅವನ ಮೇಲೆ ಜನಕ್ಕೆ ಬಹುಕಾಲದಿಂದ ಬೇರೂರಿದ ನಂಬಿಕೆಯಿರುತ್ತದೆ. ರಾಮಾಯಣದ ಯಕ್ಷಗಾನ ಪ್ರಸಂಗ ಬರೆದ ಪಾರ್ತಿಸುಬ್ಬನ ಕುಂಬಳೆಯ ಪಕ್ಕದವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಲೆಕ್ಕ ಕೇಳಿದ ಅದೇ ಗೆಳೆಯ ಇಂದ್ರಜಿತುವಿನ ನಾಗಾಸ್ತ್ರಕ್ಕೆ ಲೆಕ್ಕ ಕೇಳದೆ ಬೆಳಗಿನವರೆಗೆ ಆಟ ನೋಡುತ್ತಾನೆ!

ಟೆಕ್ನೋ-ಥ್ರಿಲ್ಲರ್ ಬರೆಯುವವರು ಎನ್‌ಎಸ್‌ಎಯಂಥ ನಿಜ ಸಂಸ್ಥೆಗಳ ಹೆಸರು ತರುವುದೂ ಇದೇ ಉಪಾಯ ಎಂದು ನನಗನಿಸುತ್ತದೆ. ಗುಟ್ಟು ಕಾಯುವವರು ಎಂಬ ಖ್ಯಾತಿಯೇ ಅಲ್ಲಿ ರಾಮನ ಹೆಸರಿನ ಕೆಲಸ ಮಾಡುತ್ತದೆ. ಒಳಗೆ ಏನಿದೆಯೆಂದು ಯಾರೂ ಕಂಡಿಲ್ಲವಲ್ಲ, ಹಾಗಾಗಿ ಇಲ್ಲವೆನ್ನಲೂ ಬಾಯಿ ಬಾರದು. ಗಣಿತಕ್ಕೆ ಮಾತ್ರ ಈ ಸಲುಗೆ ಇಲ್ಲ, ಅದು ಎಲ್ಲರಿಗೂ ಬಯಲು.

2013ರ ಜೂನ್‌ನಲ್ಲಿ ಎನ್‌ಎಸ್‌ಎಗೆ ದುಡಿದಿದ್ದ ಎಡ್ವರ್ಡ್ ಸ್ನೋಡೆನ್ ಹೊರಹಾಕಿದ ಕಡತಗಳಿಂದ ಅದೇ ಸಂಸ್ಥೆ ಫೋನು, ಇಂಟರ್ನೆಟ್ಟಿನ ಮೇಲೆ ಎಷ್ಟು ವ್ಯಾಪಕವಾಗಿ ಕಣ್ಣಿಟ್ಟಿದೆಯೆಂದು ಜಗತ್ತಿಗೆ ತಿಳಿಯಿತು. ಅದಾದ ಮೇಲೆ ಓದುವವರಿಗೆ, ಕದ್ದು ಕೇಳುವ ಮಟ್ಟಿಗಾದರೂ, ಮೊದಲ ವಿಘ್ನ ಹೆಚ್ಚು ಕಾಡದು. ಕಾಡುವುದು ಎರಡನೆಯದು, ಸ್ವಗತತ್ವ-ಪರಗತತ್ವನಿಯಮದಿಂದ ದೇಶಕಾಲವಿಶೇಷಾವೇಶ, ಅಂದರೆ ಕಥೆಯ ಸುಖದುಃಖವನ್ನು ತನ್ನದೆಂದೋ ಇನ್ನೊಬ್ಬರದೆಂದೋ ಹಿಡಿದುಕೊಳ್ಳುವುದು. ಒಂದೇ ರಾತ್ರಿಯಲ್ಲಿ ಮುಗಿಸಿದ ನಮ್ಮ ಗೆಳತಿ ಬೆಳಿಗ್ಗೆ ಎದ್ದು ಮಾಡಿದ ಮೊದಲ ಕೆಲಸ ಮೊಬೈಲಿನ ಪಾಸ್‌ವರ್ಡ್ ಬದಲಾಯಿಸಿದ್ದು. ಕಥೆಯ ಭಯ ಅವಳ ಸ್ವಂತ ಭಯವಾಗಿತ್ತು. ಅದು ಭಯಾನಕ ರಸವಲ್ಲ, ಬರೀ ಹೆದರಿಕೆ. ಉತ್ತರಪತ್ರಿಕೆಯಲ್ಲಿ ಸ್ಥಾಯಿಗೂ (ಮನಸ್ಸಿನಲ್ಲಿ ನೆಲೆಸಿರುವ ಭಾವ) ರಸಕ್ಕೂ ಇರುವ ವ್ಯತ್ಯಾಸ ಬರೆಯಬೇಕಾದಾಗ ಈ ಪಾಸ್‌ವರ್ಡನ್ನು ನೆನಪಿಸಿಕೊಳ್ಳಿ.

ಆರನೆಯದಾದ ಅಪ್ರಧಾನತೆಗೆ, ಅಂದರೆ ಮುಖ್ಯವಲ್ಲದ್ದು ಮುಂದೆ ಬಂದು ನಿಲ್ಲುವುದಕ್ಕೆ, ಈ ಬಗೆಯ ಪುಸ್ತಕಗಳಲ್ಲಿ ಉದಾಹರಣೆ ಹುಡುಕುತ್ತ ಅಲೆಯಬೇಕಾಗಿಲ್ಲ. ಯಂತ್ರ ಬರೀ ವಿಭಾವ, ಭಾವ ಹುಟ್ಟಲು ಒಂದು ಕಾರಣ ಅಷ್ಟೆ. ಅದರ ವರ್ಣನೆ ಪುಟಗಟ್ಟಲೆ ಬೆಳೆದು ಮನುಷ್ಯರು ಮೂಲೆಗೆ ಸರಿದಾಗ ಓದುಗರು ಹಾಳೆ ಹಾರಿಸುತ್ತಾರೆ. ನಾನೂ ಹಾರಿಸಿದ್ದೇನೆ. ಗೆಳೆಯ ಮಾತ್ರ ಆ ಪುಟಗಳನ್ನೇ ಎರಡೆರಡು ಸಲ ಓದಿದ್ದನಂತೆ, ತಪ್ಪು ಹುಡುಕಲು.