ಗಣಿಯಲ್ಲಿ ಸಿಗದೆ ನಕ್ಷತ್ರದಲ್ಲಿ ಸಿಕ್ಕ ಧಾತು

ಧಾತುಗಳ ಕೋಷ್ಟಕದಲ್ಲಿ 43ನೇ ಮನೆ ಬಹಳ ಕಾಲ ಖಾಲಿ ಇತ್ತು. ಅಲ್ಲೊಂದು ಧಾತು ಇರಲೇಬೇಕು ಎಂದು ರಷ್ಯಾದ ರಸಾಯನ ವಿಜ್ಞಾನಿ ಮೆಂಡಲೀವ್ 1871ರಲ್ಲೇ ಹೇಳಿದ್ದರು. ಅದಿರುಗಳನ್ನು ಜಾಲಾಡಿದವರು ಸಿಕ್ಕಿತು ಎಂದು ಹಲವು ಸಲ ಸಾರಿದರು. ಯಾವುದೂ ನಿಲ್ಲಲಿಲ್ಲ.

ಕೊನೆಗೆ ಅದು ಸಿಕ್ಕಿದ್ದು ಅಮೆರಿಕದಿಂದ ಇಟಲಿಗೆ ಬಂದ ಒಂದು ಲೋಹದ ಹಾಳೆಯಲ್ಲಿ. ಬರ್ಕ್ಲಿಯಲ್ಲಿ ಅರ್ನೆಸ್ಟ್ ಲಾರೆನ್ಸ್ ಅವರ ಸೈಕ್ಲೊಟ್ರಾನ್ ಯಂತ್ರದೊಳಗೆ ಈ ಮಾಲಿಬ್ಡಿನಮ್ ಹಾಳೆ ಇತ್ತು. ವೇಗವಾಗಿ ನುಗ್ಗುವ ಕಣಗಳು ಅದಕ್ಕೆ ಬಡಿಯುತ್ತಲೇ ಇದ್ದವು. 1937ರಲ್ಲಿ ಅದು ಪಲೆರ್ಮೊ ನಗರದಲ್ಲಿದ್ದ ಭೌತವಿಜ್ಞಾನಿ ಎಮಿಲಿಯೊ ಸೆಗ್ರೆ ಅವರ ಕೈ ಸೇರಿತು. ಮಾಲಿಬ್ಡಿನಮ್ ಪರಮಾಣುವಿನಲ್ಲಿರುವುದು 42 ಪ್ರೋಟಾನ್. ಇನ್ನೊಂದು ಒಳಹೊಕ್ಕು ನಿಂತರೆ 43, ಅಂದರೆ ಬೇರೆಯೇ ಧಾತು! ಸೆಗ್ರೆ ಮತ್ತು ಕಾರ್ಲೊ ಪೆರಿಯೆ ಅದನ್ನು ಬೇರ್ಪಡಿಸಿ ತೋರಿಸಿದರು. ಅದೇ ಟೆಕ್ನೀಷಿಯಮ್, ಮನುಷ್ಯ ತಯಾರಿಸಿದ ಮೊದಲ ಧಾತು.

ಅದಿರಿನಲ್ಲಿ ಏಕೆ ಸಿಕ್ಕಿರಲಿಲ್ಲ? ಟೆಕ್ನೀಷಿಯಮ್ ಪರಮಾಣುಗಳೆಲ್ಲ ತಾವಾಗಿಯೇ ಬದಲಾಗಿ ಬೇರೆ ಧಾತುವಾಗುತ್ತವೆ. ಹೆಚ್ಚು ಬಾಳುವ ಬಗೆ ಕೂಡ ಸುಮಾರು 42 ಲಕ್ಷ ವರ್ಷಕ್ಕೆ ಅರ್ಧ ಕರಗುತ್ತದೆ. ಭೂಮಿಗೆ ಸುಮಾರು 454 ಕೋಟಿ ವರ್ಷ ವಯಸ್ಸು. ಮೊದಲು ಇದ್ದದ್ದೆಲ್ಲ ಎಂದೋ ಮುಗಿದುಹೋಗಿದೆ. ಯುರೇನಿಯಮ್ ಒಡೆಯುವಾಗ ಹುಟ್ಟುವ ತೀರಾ ಚೂರುಪಾರು ಮಾತ್ರ ನೆಲದಲ್ಲಿ ಸಿಗುತ್ತದೆ.

ನನಗೆ ಈ ಕಥೆಯಲ್ಲಿ ಅತಿ ಇಷ್ಟವಾದದ್ದು 1952ರ ಘಟನೆ. ಖಗೋಳ ವಿಜ್ಞಾನಿ ಪಾಲ್ ಮೆರಿಲ್ ಕೆಲವು ಕೆಂಪು ದೈತ್ಯ (ಮುದಿಯಾಗಿ ಊದಿಕೊಂಡ) ನಕ್ಷತ್ರಗಳ ಬೆಳಕನ್ನು ಬಿಡಿಸಿ ನೋಡಿದರು. ಅದರಲ್ಲಿ ಟೆಕ್ನೀಷಿಯಮ್ ಗುರುತು ಇತ್ತು. ಅಷ್ಟು ಮುದಿ ನಕ್ಷತ್ರ ಹುಟ್ಟುವಾಗಲೇ ಅದನ್ನು ತಂದಿದ್ದರೆ ಇಷ್ಟು ಹೊತ್ತಿಗೆ ಉಳಿಯುತ್ತಿರಲಿಲ್ಲ, ಅಲ್ವಾ? ಅಂದರೆ ನಕ್ಷತ್ರ ಅದನ್ನು ಒಳಗೆ ಹೊಸದಾಗಿ ತಯಾರಿಸುತ್ತಿದೆ. ನಕ್ಷತ್ರಗಳು ಧಾತುಗಳ ಕಾರ್ಖಾನೆ ಎಂಬ ಮಾತಿಗೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿರಲಿಲ್ಲ.

ಹೈಡ್ರೋಜನ್ ಮತ್ತು ಹೀಲಿಯಮ್‌ನ ಬಹುಪಾಲು ಮಹಾಸ್ಫೋಟದ ಮೊದಲ ನಿಮಿಷಗಳಲ್ಲೇ ಆದವು. ಅಲ್ಲಿಂದ ಕಬ್ಬಿಣದ ಆಸುಪಾಸಿನವರೆಗೆ ನಕ್ಷತ್ರದೊಳಗೆ ಪರಮಾಣುಗಳ ನಡುಭಾಗಗಳು ಒಂದಕ್ಕೊಂದು ಬೆಸೆದುಕೊಂಡೇ ಹೆಚ್ಚಿನ ಧಾತುಗಳು ಹುಟ್ಟುತ್ತವೆ. ಮುಂದಿನ ದಾರಿ ಬೇರೆ. ಮುದಿ ನಕ್ಷತ್ರದೊಳಗೆ ಮಾಲಿಬ್ಡಿನಮ್-98 (ಪ್ರೋಟಾನ್, ನ್ಯೂಟ್ರಾನ್ ಸೇರಿ ಒಟ್ಟು 98) ಒಂದು ನ್ಯೂಟ್ರಾನ್ ನುಂಗಿ ಮಾಲಿಬ್ಡಿನಮ್-99 ಆಗುತ್ತದೆ. ಅದು ಅಸ್ಥಿರ. ಅದರ ಒಂದು ನ್ಯೂಟ್ರಾನ್ ಪ್ರೋಟಾನ್ ಆಗಿ ಬದಲಾಗುತ್ತದೆ. ಟೆಕ್ನೀಷಿಯಮ್ ಸಿದ್ಧ. ಒಳಗಿನ ಬಿಸಿ ಅನಿಲ ಕಲಕಿ ಅದನ್ನು ಮೇಲಕ್ಕೆ ತರುತ್ತದೆ.

ಇದೇ ಬದಲಾವಣೆ ದೊಡ್ಡ ಆಸ್ಪತ್ರೆಗಳಲ್ಲಿ ದಿನವೂ ನಡೆಯುತ್ತದೆ. ಅಣು ರಿಯಾಕ್ಟರ್‌ನಲ್ಲಿ ತಯಾರಾದ ಮಾಲಿಬ್ಡಿನಮ್-99 ಅನ್ನು ಸೀಸದ ಕವಚವಿರುವ ಡಬ್ಬಿಯಲ್ಲಿ ತಂದಿಡುತ್ತಾರೆ. ಅದು ಸುಮಾರು 66 ಗಂಟೆಗೆ ಅರ್ಧದಷ್ಟು ಟೆಕ್ನೀಷಿಯಮ್ ಆಗುತ್ತದೆ. ಅದನ್ನು ಉಪ್ಪುನೀರಿನಲ್ಲಿ ತೊಳೆದು ತೆಗೆದು, ಬೇಕಾದ ಔಷಧಿಗೆ ಸೇರಿಸಿ ರೋಗಿಗೆ ಚುಚ್ಚುತ್ತಾರೆ. ಮೂಳೆ, ಹೃದಯ, ಥೈರಾಯ್ಡ್ ಸ್ಕ್ಯಾನ್‌ಗಳಲ್ಲಿ ಕಾಣುವ ಚಿತ್ರ ಅದು ಸೂಸುವ ಗಾಮಾ ಕಿರಣದ್ದು. ಈ ಬಗೆಯ ಟೆಕ್ನೀಷಿಯಮ್ 6 ಗಂಟೆಗೆ ಅರ್ಧವಾಗುತ್ತದೆ. ಮರುದಿನ ಅದೇ ಹೊತ್ತಿಗೆ ಹದಿನಾರರಲ್ಲಿ ಒಂದು ಪಾಲು ಕೂಡ ಮೈಯಲ್ಲಿ ಉಳಿದಿರುವುದಿಲ್ಲ, ಮೂತ್ರದಲ್ಲೂ ಒಂದಷ್ಟು ಹೋಗಿರುತ್ತದೆ.